ಟೈಟನ್‌ಗೂ ಯುರೋಪಾಗೂ ಒಂದೇ ಲ್ಯಾಂಡರ್ ಆಗುತ್ತದೆಯೇ? (200 ಕೆ.ಜಿ. ವಿನ್ಯಾಸ)

ದಿಗಂತ07

ಎಲ್ಲರಿಗೂ ನಮಸ್ಕಾರ. 200 ಕೆ.ಜಿ. ಲ್ಯಾಂಡರ್ ಒಂದರ ವಿನ್ಯಾಸವನ್ನು ಕಾಗದದ ಮೇಲೆ ಲೆಕ್ಕ ಹಾಕಬೇಕಿದೆ. 200 ಕೆ.ಜಿ. ಅಂದರೆ ನೆಲ ಮುಟ್ಟುವಾಗ ಉಳಿದಿರುವ ತೂಕ. ಶಾಖಕವಚ, ಇಳಿಸುವ ಹಂತ, ಅದರ ಇಂಧನ ಎಲ್ಲ ಬೇರೆ. ಗುರಿ ಎರಡು: ಶನಿಯ ಟೈಟನ್ ಮತ್ತು ಗುರುವಿನ ಯುರೋಪಾ.

ಎರಡರ ಗುರುತ್ವವೂ ಹೆಚ್ಚುಕಡಿಮೆ ಒಂದೇ: ಟೈಟನ್‌ನಲ್ಲಿ 1.35, ಯುರೋಪಾದಲ್ಲಿ 1.31 ಮೀ/ಸೆ². ಎರಡೂ ಕಡೆ ಚಳಿ: ಒಂದರಲ್ಲಿ ಸುಮಾರು 94 ಕೆಲ್ವಿನ್, ಇನ್ನೊಂದರ ಸಮಭಾಜಕದ ಹತ್ತಿರ ಸುಮಾರು 110 ಕೆಲ್ವಿನ್. ಹಾಗಾದರೆ ಕಾಲು, ಚೌಕಟ್ಟು, ಎಲೆಕ್ಟ್ರಾನಿಕ್ಸ್ ಪೆಟ್ಟಿಗೆ, ಬ್ಯಾಟರಿ ಇಷ್ಟನ್ನು ಒಂದೇ ಇಟ್ಟುಕೊಂಡು, ಇಳಿಸುವ ವ್ಯವಸ್ಥೆಯನ್ನು ಮಾತ್ರ ಬದಲಿಸಿದರೆ ಸಾಕಲ್ಲವೇ? ನೆಲದ ಮೇಲೆ ಒಂದು ವಾರ ಕೆಲಸ ಮಾಡಿದರೆ ಸಾಕು. ಎಲ್ಲಿ ಎಡವುತ್ತೇನೆ ಅಂತ ದಯವಿಟ್ಟು ಲೆಕ್ಕ ಸಮೇತ ತಿಳಿಸಿ.

ಉಷ್ಣಕವಚ

ದಿಗಂತ ಅವರೇ, ಗುರುತ್ವವನ್ನು ನೋಡಿ ಶುರು ಮಾಡಿದ್ದೇ ತಪ್ಪಾಯಿತು. ಮೊದಲು ಕೇಳಬೇಕಾದದ್ದು ಅಲ್ಲಿ ಗಾಳಿ ಇದೆಯೇ ಎಂದು. ಇಳಿಯುವ ದಾರಿಯನ್ನೂ ಬೆಚ್ಚಗಿಡುವ ಬಗೆಯನ್ನೂ ಬ್ಯಾಟರಿಯ ತೂಕವನ್ನೂ ತೀರ್ಮಾನಿಸುವುದು ಅದೇ.

ಟೈಟನ್ ನೆಲಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1.5 ಬಾರ್. ಸಾಂದ್ರತೆ ಘನಮೀಟರಿಗೆ 5.4 ಕೆ.ಜಿ. ಆಸುಪಾಸು, ಅಂದರೆ ಭೂಮಿಯ ನಾಲ್ಕು ಪಟ್ಟಿಗಿಂತ ಹೆಚ್ಚು. 200 ಕೆ.ಜಿ.ಯನ್ನು 3 ಮೀಟರ್ ವ್ಯಾಸದ ಪ್ಯಾರಾಶೂಟಿಗೆ ಕಟ್ಟಿ, ಎಳೆತದ ಗುಣಾಂಕ 0.5 ಹಿಡಿದರೆ, ಇಳಿಯುವ ವೇಗ ಸುಮಾರು 5.3 ಮೀ/ಸೆ ಬರುತ್ತದೆ. ಇಂಜಿನ್ನೇ ಬೇಡ. 2005ರ ಜನವರಿ 14ರಂದು ಹೈಗನ್ಸ್ ಶೋಧನೌಕೆ ಟೈಟನ್ ಮೇಲೆ ಇಳಿದದ್ದು ಹೀಗೆಯೇ. ಹೋಲಿಕೆಗೆ ಇದೇ 200 ಕೆ.ಜಿ.ಯನ್ನು ಮಂಗಳನಲ್ಲಿ ಬರೀ ಪ್ಯಾರಾಶೂಟಿನಲ್ಲಿ 10 ಮೀ/ಸೆಗೆ ಇಳಿಸಬೇಕೆಂದರೆ 40 ಮೀಟರ್ ವ್ಯಾಸದ ಬಟ್ಟೆ ಬೇಕಾಗುತ್ತದೆ.

ಟೈಟನ್‌ನಲ್ಲಿ ತೊಂದರೆ ಇದರ ತಿರುವುಮುರುವು: ಪ್ಯಾರಾಶೂಟ್ ದೊಡ್ಡದಾದರೆ ಇಳಿಯುವುದೇ ಮುಗಿಯುವುದಿಲ್ಲ. ಹೈಗನ್ಸ್ ತನ್ನ 8.3 ಮೀಟರಿನ ಮುಖ್ಯ ಪ್ಯಾರಾಶೂಟನ್ನು 15 ನಿಮಿಷಕ್ಕೇ ಕಳಚಿ, ಉಳಿದ ದಾರಿಯನ್ನು 3 ಮೀಟರಿನ ಚಿಕ್ಕದರಲ್ಲಿ ಇಳಿಯಿತು. ಹಾಗೆ ಮಾಡಿಯೂ ಎರಡೂವರೆ ಗಂಟೆಗೆ ಹತ್ತಿರ ಹಿಡಿಯಿತು. ಅಷ್ಟೂ ಹೊತ್ತು ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಯುರೋಪಾದಲ್ಲಿ ಹಿಡಿದು ನಿಲ್ಲಿಸಲು ಗಾಳಿಯೇ ಇಲ್ಲ. ತಗ್ಗಿನ ಕಕ್ಷೆಯ ವೇಗ 1.43 ಕಿ.ಮೀ/ಸೆ. ಅಷ್ಟನ್ನೂ ಇಂಜಿನ್ನೇ ಕಳೆಯಬೇಕು. ಗುರುತ್ವದಿಂದಾಗುವ ನಷ್ಟ, ಕೊನೆಯಲ್ಲಿ ಜಾಗ ಹುಡುಕುವ ಓಡಾಟ ಸೇರಿಸಿ 1.7 ಕಿ.ಮೀ/ಸೆ ಇಟ್ಟುಕೊಳ್ಳಿ. 320 ಸೆಕೆಂಡ್ ನಿರ್ದಿಷ್ಟ ಆವೇಗದ (ಇಂಧನ ಎಷ್ಟು ಚೆನ್ನಾಗಿ ಬಳಕೆಯಾಗುತ್ತದೆ ಎಂಬುದರ ಅಳತೆ) ದ್ರವ ಇಂಜಿನ್ನಿಗೆ ದ್ರವ್ಯರಾಶಿ ಅನುಪಾತ, ಅಂದರೆ ಇಂಧನ ತುಂಬಿದಾಗಿನ ತೂಕಕ್ಕೂ ಉರಿದು ಮುಗಿದ ಮೇಲಿನ ತೂಕಕ್ಕೂ ಇರುವ ಅನುಪಾತ, 1.72. ಟ್ಯಾಂಕು, ಇಂಜಿನ್ ಸೇರಿ ಇಳಿಸುವ ಹಂತದ ಒಣತೂಕ 80 ಕೆ.ಜಿ. ಅಂದುಕೊಂಡರೂ ಇಂಧನವೇ 200 ಕೆ.ಜಿ. ಆಯಿತು.

ಇನ್ನು ಬೆಚ್ಚಗಿಡುವ ಮಾತು. ನಿಮ್ಮ ‘ಒಂದೇ ಪೆಟ್ಟಿಗೆ’ ಬಿದ್ದುಹೋಗುವುದು ಇಲ್ಲೇ. ನಿರ್ವಾತದಲ್ಲಿ ಪದರ ಪದರದ ಅಲ್ಯೂಮಿನಿಯಂ ಲೇಪಿತ ಹಾಳೆಯ ಹೊದಿಕೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. 4 ಚದರ ಮೀಟರ್ ಹೊರಮೈ, ಒಳಗೆ 20 ಡಿಗ್ರಿ ಸೆಲ್ಸಿಯಸ್, ಹೊದಿಕೆಯ ಪರಿಣಾಮಕಾರಿ ಉತ್ಸರ್ಜಕತೆ (ಶಾಖವನ್ನು ಹೊರಸೂಸುವ ಪ್ರಮಾಣ) 0.025 ಹಿಡಿದರೆ ಸೋರುವ ಶಾಖ 42 ವ್ಯಾಟ್. ಅದೇ ಹೊದಿಕೆ ಟೈಟನ್‌ನಲ್ಲಿ ನಿರುಪಯೋಗಿ, ಏಕೆಂದರೆ ಪದರಗಳ ನಡುವೆ ಅನಿಲ ತುಂಬಿಕೊಳ್ಳುತ್ತದೆ. ಅಲ್ಲಿಗೆ ಬೇಕಾದದ್ದು ಫೋಮ್. 75 ಮಿ.ಮೀ. ದಪ್ಪದ ಫೋಮ್, ಉಷ್ಣವಾಹಕತೆ 0.03, ಅದೇ 4 ಚದರ ಮೀಟರ್, 200 ಡಿಗ್ರಿ ವ್ಯತ್ಯಾಸ: 320 ವ್ಯಾಟ್.

ಒಂದು ವಾರಕ್ಕೆ ಇದು 54 ಕಿಲೋವ್ಯಾಟ್-ಗಂಟೆ. ಕಿಲೋಗೆ 250 ವ್ಯಾಟ್-ಗಂಟೆ ಕೊಡುವ ಲಿಥಿಯಂ ಪ್ರಾಥಮಿಕ (ಮತ್ತೆ ಚಾರ್ಜ್ ಮಾಡಲಾಗದ) ಸೆಲ್‌ಗಳಲ್ಲಿ 215 ಕೆ.ಜಿ. ಅಂದರೆ ಬೆಚ್ಚಗಿಡುವ ಬ್ಯಾಟರಿಯೇ ಇಡೀ ಲ್ಯಾಂಡರ್‌ಗಿಂತ ಭಾರ! ಯುರೋಪಾದಲ್ಲಿ ಇದೇ ಲೆಕ್ಕ 28 ಕೆ.ಜಿ.ಗೆ ಮುಗಿಯುತ್ತದೆ. ಎಲೆಕ್ಟ್ರಾನಿಕ್ಸ್ ತಾನೇ ಬಿಸಿಯಾಗುವುದರಿಂದ ಎರಡೂ ಕಡೆ ಸ್ವಲ್ಪ ಇಳಿಯಬಹುದು. ಫೋಮ್ ದಪ್ಪವನ್ನು 150 ಮಿ.ಮೀ.ಗೆ ಏರಿಸಿದರೂ 160 ವ್ಯಾಟ್ ಹೋಗಿಯೇ ಹೋಗುತ್ತದೆ.

ಹಾಗಾಗಿ ಟೈಟನ್‌ನಲ್ಲಿ ವಾರಗಟ್ಟಲೆ ಇರಬೇಕೆಂದರೆ ಪ್ಲುಟೋನಿಯಂ-238 ಶಾಖವೇ ಗತಿ. ಕ್ಯೂರಿಯಾಸಿಟಿ ರೋವರಿನಲ್ಲಿರುವಂಥ ಜನರೇಟರ್ 45 ಕೆ.ಜಿ. ತೂಗುತ್ತದೆ. ಹೊಸದರಲ್ಲಿ ವಿದ್ಯುತ್ 110 ವ್ಯಾಟ್ ಮಾತ್ರ, ಆದರೆ ಶಾಖ 2,000 ವ್ಯಾಟ್. ಟೈಟನ್‌ಗೆ ಹೋಗಲಿರುವ ಡ್ರ್ಯಾಗನ್‌ಫ್ಲೈ ಆರಿಸಿಕೊಂಡಿರುವುದೂ ಇದನ್ನೇ. ಒಂದು ಎಚ್ಚರಿಕೆ: ಏಳೆಂಟು ವರ್ಷದ ಪ್ರಯಾಣದಲ್ಲಿ ಆ 2,000 ವ್ಯಾಟ್ ಮುಚ್ಚಿದ ಶಾಖಕವಚದೊಳಗೆ ಸಿಕ್ಕಿಕೊಂಡಿರುತ್ತದೆ. ಪಂಪು ಮಾಡುವ ದ್ರವದ ಕೊಳವೆ, ಹೊರಗೆ ರೇಡಿಯೇಟರ್ ಇಲ್ಲದಿದ್ದರೆ ಚಳಿಯ ಲೋಕ ತಲುಪುವ ಮೊದಲೇ ಲ್ಯಾಂಡರ್ ಬೆಂದಿರುತ್ತದೆ. ಸೌರಫಲಕದ ಯೋಚನೆ ಬಿಡಿ, ಟೈಟನ್ ನೆಲಕ್ಕೆ ಬರುವ ಬೆಳಕು ಭೂಮಿಯದರ ಸಾವಿರದಲ್ಲೊಂದು ಪಾಲು.

ಯುರೋಪಾದ ಶಿಕ್ಷೆ ಬೇರೆ ಥರದ್ದು, ವಿಕಿರಣ. ನೆಲದ ಮೇಲೆ ದಿನಕ್ಕೆ 5.4 ಸೀವರ್ಟ್ (ವಿಕಿರಣದ ಪ್ರಮಾಣ ಅಳೆಯುವ ಮಾನ). 50×40×30 ಸೆಂ.ಮೀ. ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಗೆ 10 ಮಿ.ಮೀ. ಅಲ್ಯೂಮಿನಿಯಂ ಗೋಡೆ ಕೊಟ್ಟರೆ ಅದೊಂದೇ 25 ಕೆ.ಜಿ. ಟೈಟನ್‌ಗೆ ಈ 25 ಕೆ.ಜಿ. ಶುದ್ಧ ದಂಡ, ಅಲ್ಲಿನ ಗಾಳಿಯೇ ಗೋಡೆ.

ಸಮಸ್ಥಿತಿ

ಉಷ್ಣಕವಚ ಅವರು ಹೇಳಿದ್ದು ಸರಿ. ನಾನು ಕಾಲಿನ ವಿಷಯಕ್ಕೆ ಬರುತ್ತೇನೆ. ಗುರುತ್ವ ಒಂದೇ ಇದ್ದರೂ ಕಾಲು ಒಂದೇ ಆಗುವುದಿಲ್ಲ.

ಕಾಲು ನುಂಗಬೇಕಾದದ್ದು ವೇಗದ ವರ್ಗವನ್ನು. ಟೈಟನ್‌ನಲ್ಲಿ ಪ್ಯಾರಾಶೂಟಿನ 5.3 ಮೀ/ಸೆಗೆ 2,800 ಜೂಲ್. ಯುರೋಪಾದಲ್ಲಿ ಇಂಜಿನ್ ಕೊನೆಯವರೆಗೂ ಹಿಡಿದು 1 ಮೀ/ಸೆಗೆ ಇಳಿಸಿದರೆ 100 ಜೂಲ್. ಇಪ್ಪತ್ತೆಂಟು ಪಟ್ಟು ಅಂತರ. ಟೈಟನ್ ಕಾಲನ್ನು ಯುರೋಪಾಗೆ ಒಯ್ದರೆ ಅದು ಕುಗ್ಗುವುದೇ ಇಲ್ಲ, ಮಂಜಿನ ಮೇಲೆ ಪುಟಿಯುತ್ತದೆ.

ಲೆಕ್ಕದ ವಿಧಾನಕ್ಕೆ ನಡುವಿನ ಒಂದು ಉದಾಹರಣೆ, 3 ಮೀ/ಸೆ. ಶಕ್ತಿ 900 ಜೂಲ್. ನಾಲ್ಕು ಕಾಲಿದ್ದರೂ ಇಳಿಜಾರಿನಲ್ಲಿ ಎರಡೇ ಕಾಲು ಮೊದಲು ಮುಟ್ಟುತ್ತವೆ, ಹಾಗಾಗಿ ಎರಡಕ್ಕೇ ಹಂಚಿ: ತಲಾ 450 ಜೂಲ್. ಕುಗ್ಗುವ ದೂರ 150 ಮಿ.ಮೀ. ಆದರೆ ಕಾಲಿಗೆ 3,000 ನ್ಯೂಟನ್. 1 ಮೆಗಾಪ್ಯಾಸ್ಕಲ್‌ಗೆ ಕುಸಿಯುವ ಅಲ್ಯೂಮಿನಿಯಂ ಹನಿಕೋಂಬ್ (ಜೇನುಗೂಡಿನಂಥ ಟೊಳ್ಳು ರಚನೆ) ತೆಗೆದುಕೊಂಡರೆ 30 ಚದರ ಸೆಂ.ಮೀ., ಅಂದರೆ 62 ಮಿ.ಮೀ. ವ್ಯಾಸದ ದಿಂಡು. ದಿಂಡಿನ ಉದ್ದ 150 ಅಲ್ಲ, 210 ಮಿ.ಮೀ. ಇಡಿ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಗ್ಗುವುದಿಲ್ಲ, ಆಮೇಲೆ ಗಟ್ಟಿ ಕಬ್ಬಿಣದ ಹಾಗೆ ನಿಲ್ಲುತ್ತದೆ. ನಾಲ್ಕೂ ಕಾಲು ಒಟ್ಟಿಗೆ ಮುಟ್ಟಿದರೆ ಬಲ 12,000 ನ್ಯೂಟನ್, ಉಪಕರಣಗಳಿಗೆ ಸುಮಾರು 6 ಜಿ, ಅಂದರೆ ಭೂಮಿಯ ಗುರುತ್ವದ ಆರು ಪಟ್ಟು. ಅದನ್ನು ಎಲ್ಲ ಪೆಟ್ಟಿಗೆಗಳೂ ತಾಳಬೇಕು.

ದಿಂಡನ್ನು ಜೋಡಿಸುವ ಮೊದಲೇ ಒಂದೆರಡು ಮಿ.ಮೀ. ಜಜ್ಜಿ ಇಡಬೇಕು. ಜಜ್ಜದ ಹನಿಕೋಂಬ್ ಮೊದಲ ಕ್ಷಣದಲ್ಲಿ ಎರಡು ಪಟ್ಟಿಗೂ ಹೆಚ್ಚು ಬಲ ಕೇಳಬಹುದು, ಆ ಏಟು ನೇರ ಚೌಕಟ್ಟಿಗೆ ಹೋಗುತ್ತದೆ. ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್, ರಬ್ಬರ್ ಎರಡೂ ಬೇಡ: 100 ಕೆಲ್ವಿನ್‌ನಲ್ಲಿ ಎಣ್ಣೆ ಕಲ್ಲು, ರಬ್ಬರ್ ಗಾಜು. ಗ್ರೀಸಿಗೂ ಅದೇ ಗತಿ. ತಿರುಗುವ ಕೀಲುಗಳಿಗೆ ಮಾಲಿಬ್ಡಿನಂ ಡೈಸಲ್ಫೈಡ್‌ನಂಥ ಒಣ ಲೇಪ, ಇಲ್ಲವೇ ಚಲಿಸುವ ಮೊದಲು ಹೀಟರ್.

ಕಾಲಿನ ಬಲಕ್ಕಿಂತ ಹೆಚ್ಚು ನಿದ್ದೆಗೆಡಿಸಬೇಕಾದದ್ದು ಮಗುಚುವುದು. ಗುರುತ್ವ ಕಡಿಮೆ ಅಂದಾಗ ಎಲ್ಲರೂ ಹಗುರಾಗಿ ಇಳಿಯುತ್ತದೆ ಅಂತ ಸಂತೋಷಪಡುತ್ತಾರೆ. ಆದರೆ ಮಗುಚದಂತೆ ಹಿಡಿದಿಡುವುದೂ ಅದೇ ಗುರುತ್ವವಲ್ಲವೇ? ದ್ರವ್ಯಕೇಂದ್ರ ನೆಲದಿಂದ 0.8 ಮೀಟರ್ ಎತ್ತರ, ಅಲ್ಲಿಂದ ಕಾಲುಗಳ ಅಂಚಿಗೆ 1.2 ಮೀಟರ್ ಇದೆ ಎನ್ನಿ. ಅಡ್ಡ ವೇಗದಲ್ಲಿ ಬಂದು ಕಾಲು ಕಲ್ಲಿಗೆ ಸಿಕ್ಕಿದರೆ, ಭೂಮಿಯಲ್ಲಿ 6.4 ಮೀ/ಸೆವರೆಗೂ ಮಗುಚುವುದಿಲ್ಲ. ಟೈಟನ್ ಅಥವಾ ಯುರೋಪಾದಲ್ಲಿ 2.4 ಮೀ/ಸೆಗೇ ಮಗುಚುತ್ತದೆ. 15 ಡಿಗ್ರಿ ಇಳಿಜಾರಿನಲ್ಲಿ ಕೆಳಮುಖವಾಗಿ ಜಾರುತ್ತಿದ್ದರೆ 1.8 ಮೀ/ಸೆ ಸಾಕು. ಇದು ಬಿಂದು ದ್ರವ್ಯರಾಶಿಯ ಸರಳ ಲೆಕ್ಕ. ನಿಜವಾದ ಕಾಯದ ಜಡತ್ವವನ್ನು ಸೇರಿಸಿದರೆ ಅಂಕಿ ಸ್ವಲ್ಪ ಸರಿಯುತ್ತದೆ, ಆದರೆ ಅಡ್ಡ ವೇಗವನ್ನು 0.5 ಮೀ/ಸೆ ಒಳಗೆ ಕಟ್ಟಿಹಾಕಬೇಕು ಎನ್ನುವುದು ಬದಲಾಗುವುದಿಲ್ಲ.

ಟೈಟನ್ ನೆಲಮಟ್ಟದಲ್ಲಿ ಬೀಸುವ ಗಾಳಿ ಮಂದ, ಪ್ಯಾರಾಶೂಟ್ ಅದರ ಜೊತೆ ತೇಲುತ್ತದೆ. ಅಲ್ಲಿ ಕಾಲೇ ಬೇಡ ಅನ್ನಿಸುತ್ತದೆ. ಹೈಗನ್ಸ್‌ಗೂ ಇರಲಿಲ್ಲ, ಮೃದು ನೆಲದಲ್ಲಿ 12 ಸೆಂ.ಮೀ. ಗುಂಡಿ ತೋಡಿ, 30–40 ಸೆಂ.ಮೀ. ಜಾರಿ ನಿಂತಿತು. ಅಗಲವಾದ ತಳ, ಅದರಡಿ ಜಜ್ಜುವ ಪದರ ಇದ್ದರೆ ಸಾಕು. ಯುರೋಪಾದ ನೆಲದ ಬಗ್ಗೆ ಅಷ್ಟು ಧೈರ್ಯ ಬೇಡ. ಗೆಲಿಲಿಯೋ ನೌಕೆ ತೆಗೆದ ಅತ್ಯಂತ ಸ್ಪಷ್ಟ ಚಿತ್ರದಲ್ಲೂ ಒಂದು ಪಿಕ್ಸೆಲ್ ಅಂದರೆ 6 ಮೀಟರ್. ನಿಮ್ಮ ಇಡೀ ಲ್ಯಾಂಡರ್ ಒಂದು ಚುಕ್ಕಿಯೊಳಗೆ ಮಾಯ. ಕಾಲಿನ ಕೆಳಗಿನ ಮಂಜುಗಡ್ಡೆಯ ಆಕಾರ ಗೊತ್ತಾಗುವುದು ಇಳಿಯುವಾಗ ಲಿಡಾರ್ (ಲೇಸರ್‌ನಿಂದ ದೂರ ಅಳೆಯುವ ಸಾಧನ) ನೋಡಿದಾಗಲೇ.

ದಿಗಂತ07

ಇಬ್ಬರಿಗೂ ಬಹಳ ಧನ್ಯವಾದ. 215 ಕೆ.ಜಿ. ಬ್ಯಾಟರಿಯ ಲೆಕ್ಕ ನೋಡಿದ ಮೇಲೆ ‘ಒಂದೇ ಲ್ಯಾಂಡರ್’ ಆಸೆ ಬಿಟ್ಟೆ. ಯುರೋಪಾವನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಇನ್ನೊಂದು ಪ್ರಶ್ನೆ. ಅಲ್ಲಿಗೆ ಸಂಕೇತ ಹೋಗಲು ಒಂದು ದಾರಿಗೇ 35ರಿಂದ 52 ನಿಮಿಷ. ಎಲ್ಲ ನಿರ್ಧಾರವೂ ಲ್ಯಾಂಡರಿನದೇ. ನೆಲ ಮುಟ್ಟಿದೆ ಎಂದು ಅದಕ್ಕೆ ಹೇಗೆ ಖಚಿತವಾಗಬೇಕು? ಪ್ರತಿ ಕಾಲಿಗೂ ಒಂದು ಸ್ಪರ್ಶ ಸೆನ್ಸರ್, ಯಾವುದಾದರೂ ಒಂದು ‘ಮುಟ್ಟಿತು’ ಎಂದ ಕೂಡಲೇ ಇಂಜಿನ್ ಬಂದ್. ಇಷ್ಟು ಸಾಕೇ?

ಬಿಟ್‌ಎಣಿಕೆ

ಸಾಲದು. ನೀವು ಬರೆದ ತರ್ಕವೇ ಹೆಚ್ಚುಕಡಿಮೆ ಮಾರ್ಸ್ ಪೋಲಾರ್ ಲ್ಯಾಂಡರ್‌ನಲ್ಲಿತ್ತು. 1999ರ ಡಿಸೆಂಬರ್ 3ರಂದು ಅದು ಹಾಳಾಯಿತು. ತನಿಖೆ ಕಂಡುಕೊಂಡ ಅತ್ಯಂತ ಸಂಭವನೀಯ ಕಾರಣ: ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಕಾಲುಗಳು ಬಿಚ್ಚಿಕೊಂಡು ಝಟ್ಟನೆ ನಿಂತಾಗ ಬಂದ ಕುಲುಕಾಟವನ್ನು ಕಾಲಿನ ಆಯಸ್ಕಾಂತೀಯ ಸೆನ್ಸರ್ ಸ್ಪರ್ಶ ಎಂದು ಓದಿತು. ಆ ಕ್ಷಣಕ್ಕೆ ಏನೂ ಆಗಲಿಲ್ಲ, ಏಕೆಂದರೆ ಇಂಜಿನ್ ನಿಲ್ಲಿಸುವ ಅಧಿಕಾರ 40 ಮೀಟರಿನ ಕೆಳಗೆ ಮಾತ್ರ. ಆದರೆ ‘ಮುಟ್ಟಿತು’ ಎಂಬ ಗುರುತು ನೆನಪಿನಲ್ಲಿ ಹಾಗೇ ಉಳಿದಿತ್ತು. 40 ಮೀಟರಿಗೆ ಬಂದ ಕೂಡಲೇ ಇಂಜಿನ್ ಬಂದ್. ಅಲ್ಲಿಂದ ಬಿದ್ದು ನೆಲಕ್ಕೆ ಅಪ್ಪಳಿಸುವಾಗ ವೇಗ ಸುಮಾರು 22 ಮೀ/ಸೆ.

ಆದ್ದರಿಂದ ನಿಮ್ಮ ತರ್ಕದಲ್ಲಿ ಕನಿಷ್ಠ ಇಷ್ಟಿರಲಿ. ಕಾಲು ಬಿಚ್ಚಿದ ಮೇಲೆ, ಮತ್ತು ಸ್ಪರ್ಶದ ಅಧಿಕಾರ ಕೊಡುವ ಕ್ಷಣದಲ್ಲಿ ಮತ್ತೊಮ್ಮೆ, ಎಲ್ಲ ಗುರುತುಗಳನ್ನೂ ಸೊನ್ನೆಗೆ ತನ್ನಿ. ಒಂದೇ ಓದಿಗೆ ನಂಬಬೇಡಿ, ಸತತವಾಗಿ ಕೆಲವು ಓದುಗಳು ಹೌದೆನ್ನಲಿ. ಸೆನ್ಸರ್ ಜೊತೆಗೆ ಬೇರೆ ಜಾತಿಯ ಒಂದು ಸಾಕ್ಷಿ ಇರಲಿ: ಥ್ರಸ್ಟ್ (ಇಂಜಿನ್ನಿನ ನೂಕುಬಲ) ಆಜ್ಞೆ ಅಷ್ಟೇ ಇದ್ದೂ ಕೆಳಗಿಳಿಯುವ ವೇಗ ಸೊನ್ನೆಯಾಗಿ ನಿಂತಿದೆಯೇ ಎಂದು ನೋಡಿ. ಕೇಬಲ್ಲಿನಿಂದ ಇಳಿಬಿಡುವ ಸ್ಕೈಕ್ರೇನ್ ವಿಧಾನದಲ್ಲಿ ಇದು ಇನ್ನೂ ಸೊಗಸು. ರೋವರಿನ ಭಾರ ನೆಲಕ್ಕೆ ಹೋದ ಕೂಡಲೇ ಮೇಲಿನ ಹಂತಕ್ಕೆ ಬೇಕಾದ ಥ್ರಸ್ಟ್ ಅರ್ಧದಷ್ಟಕ್ಕೆ ಇಳಿಯುತ್ತದೆ. ಕ್ಯೂರಿಯಾಸಿಟಿಯಲ್ಲಿ ಸ್ಪರ್ಶ ಸ್ವಿಚ್ಚೇ ಬೇಕಾಗಲಿಲ್ಲ.

ಆದರೆ ಸ್ಪರ್ಶಕ್ಕಿಂತ ದೊಡ್ಡ ಸಮಸ್ಯೆ ಎತ್ತರದ ಅಂದಾಜು. ಎರಡು ಅಪಘಾತಗಳನ್ನು ಪಕ್ಕಪಕ್ಕ ಇಟ್ಟು ಓದಿ.

2016ರ ಅಕ್ಟೋಬರ್ 19, ಮಂಗಳನಲ್ಲಿ ಸ್ಕಿಯಾಪರೆಲಿ. ಪ್ಯಾರಾಶೂಟ್ ತೆರೆದಾಗ ನೌಕೆ ಜೋರಾಗಿ ಓಲಾಡಿ, ತಿರುಗುವ ವೇಗ ಅಳೆಯುವ ಸಾಧನ ತನ್ನ ಗರಿಷ್ಠ ಮಿತಿಗೆ ತಾಗಿ ಸುಮಾರು ಒಂದು ಸೆಕೆಂಡ್ ಅಲ್ಲೇ ನಿಂತಿತು. ಸಾಫ್ಟ್‌ವೇರ್ ಆ ಗರಿಷ್ಠ ಅಂಕಿಯನ್ನೇ ನಿಜವೆಂದು ಕೂಡಿಸುತ್ತ ಹೋಯಿತು. ನೌಕೆಯ ವಾಲಿನ ಅಂದಾಜು ಎಷ್ಟು ಕೆಟ್ಟಿತೆಂದರೆ, ರೇಡಾರ್ ಓದಿಗೆ ಅದನ್ನು ಸೇರಿಸಿದಾಗ ಎತ್ತರ ಋಣ ಸಂಖ್ಯೆ ಬಂತು, ಅಂದರೆ ನೆಲದೊಳಗೆ! ಸುಮಾರು 3.7 ಕಿ.ಮೀ. ಮೇಲಿರುವಾಗಲೇ ಪ್ಯಾರಾಶೂಟ್ ಕಳಚಿ, 30 ಸೆಕೆಂಡ್ ಉರಿಯಬೇಕಿದ್ದ ಇಂಜಿನ್‌ಗಳು 3 ಸೆಕೆಂಡಿಗೆ ಆರಿದವು.

2023ರ ಏಪ್ರಿಲ್, ಚಂದ್ರನಲ್ಲಿ ಹಕುಟೊ-ಆರ್. ಕುಳಿಯೊಂದರ ಅಂಚು ದಾಟುವಾಗ ನೆಲ ಒಮ್ಮೆಲೇ 3 ಕಿ.ಮೀ. ಕೆಳಗೆ ಹೋಯಿತು. ಎತ್ತರ ಅಳೆಯುವ ಆಲ್ಟಿಮೀಟರ್ ನಿಜವನ್ನೇ ಹೇಳಿತು. ಸಾಫ್ಟ್‌ವೇರ್ ಇಷ್ಟು ದೊಡ್ಡ ಜಿಗಿತ ಸುಳ್ಳೇ ಇರಬೇಕೆಂದು ಆಲ್ಟಿಮೀಟರನ್ನು ಪಕ್ಕಕ್ಕಿಟ್ಟಿತು. ಎತ್ತರ ಸೊನ್ನೆ ಎಂದುಕೊಂಡು ನೌಕೆ 5 ಕಿ.ಮೀ. ಮೇಲೆ ನಿಧಾನಕ್ಕೆ ಇಳಿಯುತ್ತ, ಇಂಧನ ಮುಗಿದು ಬಿತ್ತು.

ಮೊದಲನೆಯದು ಕೆಟ್ಟ ಸೆನ್ಸರನ್ನು ನಂಬಿ ಸತ್ತಿತು, ಎರಡನೆಯದು ಒಳ್ಳೆಯ ಸೆನ್ಸರನ್ನು ನಂಬದೆ ಸತ್ತಿತು. ‘ಸಂಶಯ ಬಂದರೆ ಓದನ್ನು ಬಿಸಾಡು’ ಎಂಬ ಒಂದೇ ನಿಯಮ ಹಾಕಿದರೆ ಎರಡರಲ್ಲಿ ಒಂದು ಹಳ್ಳಕ್ಕೆ ಬೀಳುವುದು ಖಚಿತ. ಮಿತಿಗೆ ತಾಗಿದ ಸಾಧನ ‘ನಾನು ಮಿತಿಯಲ್ಲಿದ್ದೇನೆ’ ಎಂಬ ಗುರುತನ್ನು ಓದಿನ ಜೊತೆಗೇ ಕಳಿಸಬೇಕು. ಆ ಅವಧಿಯಲ್ಲಿ ಫಿಲ್ಟರ್ (ಓದುಗಳನ್ನು ಸೇರಿಸಿ ಸ್ಥಿತಿಯನ್ನು ಅಂದಾಜಿಸುವ ಸಾಫ್ಟ್‌ವೇರ್) ತನ್ನ ಅನಿಶ್ಚಿತತೆಯನ್ನು ಬೇಗ ಹಿಗ್ಗಿಸಿಕೊಳ್ಳಬೇಕು. ತಿರಸ್ಕರಿಸಿದ ಓದುಗಳನ್ನು ಎಸೆಯಬೇಡಿ, ಪಕ್ಕದಲ್ಲಿ ಕೂಡಿಡಿ. ಅವು ತಮ್ಮತಮ್ಮಲ್ಲಿ ಹೊಂದಿಕೊಂಡು ಸತತವಾಗಿ ಬರುತ್ತಿದ್ದರೆ ತಪ್ಪಿರುವುದು ಅಂದಾಜು, ಸೆನ್ಸರ್ ಅಲ್ಲ. ಆಗ ಅಂದಾಜನ್ನೇ ಹೊಸದಾಗಿ ಶುರು ಮಾಡಿ. ಮತ್ತು ಸಿಮ್ಯುಲೇಶನ್‌ನಲ್ಲಿ ಹಾರುವ ದಾರಿಯ ಕೆಳಗಿನ ನಿಜವಾದ ನೆಲವನ್ನೇ ಹಾಕಿ. ಹಕುಟೊ-ಆರ್‌ನಲ್ಲಿ ಇಳಿಯುವ ಜಾಗವನ್ನು ತಡವಾಗಿ ಬದಲಿಸಿದ್ದರು, ಹೊಸ ದಾರಿಯ ಆ ಅಂಚು ಪರೀಕ್ಷೆಗೆ ಸರಿಯಾಗಿ ಬಂದಿರಲಿಲ್ಲ.

ಚಂದ್ರಯಾನ-3ರ ಬದಲಾವಣೆಗಳನ್ನೂ ಈ ಕಣ್ಣಿನಿಂದ ನೋಡಬಹುದು. ಇಳಿಯುವ ಜಾಗವನ್ನು 500×500 ಮೀಟರಿನಿಂದ 4×2.4 ಕಿ.ಮೀ.ಗೆ ಹಿಗ್ಗಿಸಿದರು, ಕಾಲನ್ನು 3 ಮೀ/ಸೆಗೆ ಗಟ್ಟಿ ಮಾಡಿದರು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಡಾಪ್ಲರ್ ಸಾಧನ ಸೇರಿಸಿದರು. ನಿಖರತೆಯ ಹಟ ಸಡಿಲಿಸಿ, ತಪ್ಪಿಗೆ ಜಾಗ ಕೊಟ್ಟರು. ಯುರೋಪಾದ ಲೆಕ್ಕದಲ್ಲೂ ಆ ಜಾಗ ಇಂಧನದ ರೂಪದಲ್ಲಿ ಇರಲೇಬೇಕು.

ಉಷ್ಣಕವಚ

ಬಿಟ್‌ಎಣಿಕೆ ಅವರು ಸ್ಕೈಕ್ರೇನ್ ಎತ್ತಿದ್ದು ಒಳ್ಳೆಯದಾಯಿತು. ಯುರೋಪಾದಲ್ಲಿ ಅದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿ ಹುಡುಕುವುದೇ ಸಾವಯವ ಅಣುಗಳನ್ನು, ಮಾದರಿ ತೆಗೆಯುವುದು ಮೇಲಿನ 10 ಸೆಂ.ಮೀ. ಮಂಜಿನಿಂದ. ಹೈಡ್ರಜೀನ್ ಇಂಜಿನ್ ಹತ್ತಿರದಿಂದ ಉರಿದರೆ ಹೊಗೆಯ ಅಮೋನಿಯಾ ಅದೇ ಮಂಜಿನ ಮೇಲೆ ಹೆಪ್ಪುಗಟ್ಟುತ್ತದೆ. ಆಮೇಲೆ ಉಪಕರಣ ಕಂಡ ಸಾರಜನಕ ಯುರೋಪಾದ್ದೋ ನಿಮ್ಮದೋ ತಿಳಿಯುವುದಿಲ್ಲ. ಇಂಜಿನ್ ಮೇಲೇ ಉಳಿದು ಲ್ಯಾಂಡರ್ ಮಾತ್ರ ಕೇಬಲ್ಲಿನಲ್ಲಿ ಇಳಿದರೆ ಈ ಕಲೆ ಬಹಳ ಕಡಿಮೆ. ಇಂಜಿನ್ ಲ್ಯಾಂಡರಿನಲ್ಲೇ ಇರಬೇಕೆಂದರೆ ಮಂಗಳನಲ್ಲಿ ಇಳಿದ ವೈಕಿಂಗ್ ಲ್ಯಾಂಡರ್ ಮಾಡಿದಂತೆ ಜ್ವಾಲೆಯನ್ನು ಹರಡಿ, ಅದರ ಒಂದೊಂದು ಇಂಜಿನ್ನಿಗೂ 18 ಸಣ್ಣ ನಳಿಕೆಗಳಿದ್ದವು.

ಜೊತೆಗೆ ಕ್ರಿಮಿಶುದ್ಧಿ. ಯುರೋಪಾದ ಸಾಗರಕ್ಕೆ ಭೂಮಿಯ ಒಂದು ಜೀವಾಣು ತಲುಪುವ ಸಾಧ್ಯತೆ 10,000ಕ್ಕೆ ಒಂದಕ್ಕಿಂತ ಕಡಿಮೆ ಇರಬೇಕೆಂಬುದು ನಿಯಮ. ಅಂದರೆ ವೈಕಿಂಗ್ ರೀತಿ ಇಡೀ ಲ್ಯಾಂಡರನ್ನು 110 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಒಣಶಾಖದಲ್ಲಿ ಇಡುವುದಕ್ಕೆ ಸಿದ್ಧವಾಗಿರಿ. ಬ್ಯಾಟರಿ, ಅಂಟು, ಕನೆಕ್ಟರಿನ ಪ್ಲಾಸ್ಟಿಕ್ ಆರಿಸುವ ಮೊದಲ ದಿನವೇ ಈ ಪರೀಕ್ಷೆ ಹಾಕಿ. ಕೊನೆಯಲ್ಲಿ ಹಾಕಿದರೆ ಅರ್ಧ ಭಾಗಗಳನ್ನು ಬದಲಿಸಬೇಕಾಗುತ್ತದೆ.

ತರಂಗದೂರ

ರೇಡಿಯೋ ಬಗ್ಗೆ ಯಾರೂ ಹೇಳಿಲ್ಲ, ಚಿಕ್ಕದಾಗಿ ಸೇರಿಸುತ್ತೇನೆ.

ಲ್ಯಾಂಡರ್ ಮಾತಾಡುವುದು ಮೇಲೆ ಹಾದುಹೋಗುವ ತಾಯಿನೌಕೆಯ ಜೊತೆ. ಅದರ ರಿಸೀವರ್ ಡಾಪ್ಲರ್ ಪಲ್ಲಟವನ್ನು (ಸಾಪೇಕ್ಷ ವೇಗದಿಂದ ಸಂಕೇತದ ಆವರ್ತನ ಬದಲಾಗುವುದು) ಸಂಕೇತವನ್ನು ಹೊತ್ತೊಯ್ಯುವ ವಾಹಕ ತರಂಗದಲ್ಲಿ ಮಾತ್ರವಲ್ಲ, ಬಿಟ್‌ಗಳ ಓಟದಲ್ಲೂ ತಾಳಬೇಕು. ಹೈಗನ್ಸ್‌ನ ತಾಯಿನೌಕೆ ಕ್ಯಾಸಿನಿಯಲ್ಲಿದ್ದ ಹೈಗನ್ಸ್ ರಿಸೀವರ್ ಮೊದಲನೆಯದನ್ನು ತಾಳುತ್ತಿತ್ತು, ಎರಡನೆಯದನ್ನು ತಾಳುತ್ತಿರಲಿಲ್ಲ. ಅದು ಪತ್ತೆಯಾದದ್ದು ನೌಕೆ ಹಾರಿ ಹೋದ ಮೇಲೆ, 2000ದಲ್ಲಿ, ಭೂಮಿಯಿಂದ ಹೈಗನ್ಸ್‌ನ ಹಾಗೆ ನಟಿಸುವ ಸಂಕೇತ ಕಳಿಸಿ ನೋಡಿದಾಗ. ಕೊನೆಗೆ ಕ್ಯಾಸಿನಿಯ ದಾರಿಯನ್ನೇ ಬದಲಿಸಿ, 1,200 ಕಿ.ಮೀ. ಬದಲು ಸುಮಾರು 60,000 ಕಿ.ಮೀ. ದೂರದಿಂದ ಹಾಯಿಸಿ ಸಾಪೇಕ್ಷ ವೇಗವನ್ನು ತಗ್ಗಿಸಿದರು. ಅಷ್ಟಾದರೂ ಎರಡು ಚಾನೆಲ್‌ಗಳಲ್ಲಿ ಒಂದರ ರಿಸೀವರ್ ಆನ್ ಮಾಡುವ ಆಜ್ಞೆಯೇ ಪಟ್ಟಿಯಿಂದ ಬಿಟ್ಟುಹೋಗಿ, ಅರ್ಧ ಚಿತ್ರಗಳು ಬರಲಿಲ್ಲ. ಮುಖ್ಯ ದತ್ತಾಂಶವನ್ನು ಎರಡೂ ಚಾನೆಲ್‌ನಲ್ಲಿ ಕಳಿಸಿ. ಚಿತ್ರಗಳನ್ನು ಅಲ್ಲಿ ಹಂಚಿಹಾಕಿದ್ದರು, ನಷ್ಟವಾದದ್ದು ಅವೇ.

ಪ್ರಾಥಮಿಕ ಲಿಥಿಯಂ ಸೆಲ್‌ಗಳ ಬಗ್ಗೆಯೂ ಒಂದು ಮಾತು. ವರ್ಷಗಟ್ಟಲೆ ಸುಮ್ಮನಿದ್ದರೆ ಲಿಥಿಯಂ ಮೇಲೆ ತೆಳು ಪೊರೆ ಕಟ್ಟುತ್ತದೆ. ಮೊದಲ ಸಲ ಲೋಡ್ ಹಾಕಿದಾಗ ವೋಲ್ಟೇಜ್ ಕುಸಿದು ಕಂಪ್ಯೂಟರ್ ರೀಸೆಟ್ ಆಗಬಹುದು, ಅದೂ ಇಳಿಯುವ ಹೊತ್ತಿಗೇ. ಬೇರ್ಪಡುವ ಮುನ್ನ, ತಾಯಿನೌಕೆಯ ವಿದ್ಯುತ್ ಇನ್ನೂ ಸಿಗುತ್ತಿರುವಾಗಲೇ, ಪ್ರತಿ ಬ್ಯಾಟರಿಗೂ ಕೆಲವು ನಿಮಿಷ ಗೊತ್ತಾದ ಲೋಡ್ ಹಾಕಿ ಆ ಪೊರೆ ಒಡೆಯಬೇಕು. ಹೈಗನ್ಸ್‌ಗೂ ಹಾಗೇ ಮಾಡಿದ್ದರು. ಅದಕ್ಕೆ ಖರ್ಚಾಗುವ ಶಕ್ತಿಯನ್ನು ನಿಮ್ಮ 28 ಕೆ.ಜಿ. ಲೆಕ್ಕಕ್ಕೆ ಸೇರಿಸಿಕೊಳ್ಳಿ.